ಕಾರ್ಬನ್ ದೋಟಿಯ ಔಷಧಿ ತಂಡ: ಊರು ಹೇಳಿದ್ದೆಷ್ಟು, ತೋಟ ತೋರಿಸಿದ್ದೆಷ್ಟು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅಡಿಕೆ ತೋಟಕ್ಕೆ ಈ ಮಳೆಗಾಲದಲ್ಲಿ, ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಸಲು ಕಾರ್ಬನ್ ಫೈಬರ್ ದೋಟಿಯ ತಂಡವೊಂದನ್ನು ಗೊತ್ತುಮಾಡಿದ್ದೆವು. ಮರ ಹತ್ತದೆ ನೆಲದ ಮೇಲೆಯೇ ನಿಂತು, ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳ ಉದ್ದನೆಯ ದೋಟಿಯನ್ನು ಎತ್ತಿ, ಅದರ ತುದಿಯ ನಾಜಲ್‌ನಿಂದ ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹಾಯಿಸುವ ಈ ಕ್ರಮ ಮಲೆನಾಡಿನಲ್ಲಿ ಈಚಿನ ವರ್ಷಗಳಲ್ಲಿ ಬಹಳ ಬೇಗ ಹಬ್ಬಿದೆ. ಇರುವ ತೋಟಗಳಿಗೇ ಪುರಸೊತ್ತಿಲ್ಲ, ಹೆಸರು ಹಾಕಬೇಡಿ ಎಂದು ತಂಡದವರು ಕೇಳಿಕೊಂಡದ್ದರಿಂದ ಅವರ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಇದೇ ಬಗೆಯ ತಂಡಗಳು ಸಾಗರ, ಹೊಸನಗರ, ಕೊಪ್ಪದ ಕಡೆಗಳಲ್ಲೂ ಕೆಲಸ ಮಾಡುತ್ತಿರುವುದರಿಂದ, ಯಾವ ತಂಡವನ್ನು ಕರೆಯುವವರಿಗೂ ಏನನ್ನು ಕೇಳಬೇಕು, ಏನನ್ನು ನಿಂತು ನೋಡಬೇಕು ಎಂಬುದಕ್ಕೆ ಈ ವಿಮರ್ಶೆ ನೆರವಾಗಲಿ ಎಂಬುದು ನನ್ನ ಉದ್ದೇಶ.

ದೋಟಿಯ ಬಗ್ಗೆ ನಮ್ಮ ಕಡೆ ಎರಡು ಮಾತುಗಳು ಚಾಲ್ತಿಯಲ್ಲಿವೆ, ಮತ್ತು ಎರಡನ್ನೂ ಹೇಳುವವರು ಹೆಚ್ಚುಕಡಿಮೆ ಅದೇ ಜನ. ಮೊದಲು ದೋಟಿ ಬಂದಾಗ, ಮರ ಹತ್ತಿ ಹೊಡೆದರೆ ಮಾತ್ರ ಔಷಧಿ ಕೊನೆಗೆ ಹಿಡಿಯುತ್ತದೆ, ಕೆಳಗೆ ನಿಂತು ಹೊಡೆದದ್ದೆಲ್ಲ ಗಾಳಿಪಾಲು ಎಂಬುದು ಸೊಸೈಟಿಯ ಜಗಲಿಯಿಂದ ಮದುವೆಮನೆಯ ಪಂಕ್ತಿಯವರೆಗೆ ಎಲ್ಲರೂ ಒಪ್ಪಿದ ಮಾತಾಗಿತ್ತು. ಈಗ ಕೆಲವೇ ವರ್ಷಗಳಲ್ಲಿ, ದೋಟಿ ಬಂದ ಮೇಲೆ ಯಾವ ಚಿಂತೆಯೂ ಇಲ್ಲ, ಮರ ಹತ್ತುವ ಕಾಲ ಮುಗಿಯಿತು ಎಂಬುದು ಅಷ್ಟೇ ಗಟ್ಟಿಯಾದ ಮಾತಾಗಿದೆ. ಮೊದಲನೆಯದನ್ನು ಯಾರೂ ಪರೀಕ್ಷೆ ಮಾಡಿ ಕೈಬಿಡಲಿಲ್ಲ. ಎರಡನೆಯದನ್ನು ಯಾರೂ ಪರೀಕ್ಷೆ ಮಾಡಿ ಹಿಡಿಯಲಿಲ್ಲ. ತಂಡದ ಕೆಲಸವನ್ನು ಅಳೆಯಬೇಕಾದರೆ ಈ ಎರಡು ಮಾತುಗಳನ್ನೂ ತೋಟದೊಳಗೆ ತಂದು ನಿಲ್ಲಿಸಿ ನೋಡುವುದು ಅನಿವಾರ್ಯವಾಯಿತು.

ಬಹುಮಂದಿ ಒಪ್ಪಿ, ಹೆಚ್ಚು ಪ್ರಶ್ನಿಸದೆ ಒಬ್ಬರಿಂದೊಬ್ಬರಿಗೆ ದಾಟಿಸುವ ಇಂಥ ತಿಳಿವಳಿಕೆಗೆ ಕನ್ವೆನ್ಷನಲ್ ವಿಸ್ಡಮ್ ಎಂಬ ಹೆಸರು ಲೋಕದಲ್ಲೆಲ್ಲ ಬಳಕೆಗೆ ಬಂದದ್ದು ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೆತ್ ಅವರಿಂದ. ಆ ಪದಜೋಡಿ ಅವರಿಗಿಂತ ಹಿಂದೆಯೂ ಇತ್ತಾದರೂ, 1958ರಲ್ಲಿ ಪ್ರಕಟವಾದ ‘ದಿ ಅಫ್ಲುಯೆಂಟ್ ಸೊಸೈಟಿ’ಯಲ್ಲಿ ಅವರು ಅದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಕೆನಡಾದಲ್ಲಿ ಹುಟ್ಟಿ, ಅಲ್ಲಿನ ಕೃಷಿ ಕಾಲೇಜಿನಲ್ಲಿ ಓದಿ, ಮುಂದೆ 1961ರಿಂದ 1963ರವರೆಗೆ ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ಅವರು. ಒಂದು ವಿಚಾರ ಜನರಿಗೆ ಒಪ್ಪಿಗೆಯಾಗುವುದು ಅದು ಸತ್ಯವಾಗಿದೆ ಎಂಬ ಕಾರಣಕ್ಕೆ ಮಾತ್ರವಲ್ಲ, ಅದು ಪರಿಚಿತವಾಗಿದೆ, ನೆಮ್ಮದಿ ಕೊಡುತ್ತದೆ, ನಮ್ಮ ಅನುಕೂಲಕ್ಕೆ ಹೊಂದುತ್ತದೆ ಎಂಬ ಕಾರಣಕ್ಕೂ ಹೌದು ಎಂಬುದು ಅವರ ವಿವರಣೆಯ ತಿರುಳು. ಇದರ ಜೊತೆಗೆ ಅವರು ಹೇಳಿದ ಇನ್ನೊಂದು ಮಾತು ನಮ್ಮ ತೋಟಗಳಿಗೆ ಇನ್ನೂ ಹತ್ತಿರದ್ದು: ರೂಢಿಯ ತಿಳಿವಳಿಕೆಯನ್ನು ಉರುಳಿಸುವುದು ಎದುರು ವಾದವಲ್ಲ, ಬದಲಾದ ಸಂದರ್ಭ.

ದೋಟಿಯ ಕಥೆ ಹೀಗೆಯೇ ನಡೆದಿದೆ. ಮರ ಹತ್ತುವುದೇ ಸರಿ ಎಂದು ವಾದಿಸುತ್ತಿದ್ದವರನ್ನು ಯಾರೂ ವಾದದಲ್ಲಿ ಗೆಲ್ಲಲಿಲ್ಲ. ಮರ ಹತ್ತಿ ಔಷಧಿ ಹೊಡೆದು ಕೊನೆ ಕೊಯ್ಯುವ ಕೊನೆಗಾರರಿಗೆ ವಯಸ್ಸಾಯಿತು, ಅವರ ಮಕ್ಕಳು ಓದಿ ಶಿವಮೊಗ್ಗ, ಬೆಂಗಳೂರು ಸೇರಿದರು, ಮಳೆಯಲ್ಲಿ ನೆನೆದು ಪಾಚಿಗಟ್ಟಿದ ಮರವನ್ನು ಹತ್ತುವ ಅಪಾಯಕ್ಕೆ ತಕ್ಕ ಮರ್ಯಾದೆಯನ್ನಾಗಲಿ, ಬಿದ್ದಾಗ ಮನೆಯವರಿಗೊಂದು ಆಧಾರವನ್ನಾಗಲಿ ನಾವು ತೋಟದವರು ಎಂದೂ ಸರಿಯಾಗಿ ಕೊಟ್ಟಿರಲಿಲ್ಲ. ಜನ ಸಿಗದೆ ಹೋದ ವರ್ಷ ದೋಟಿಯ ಔಷಧಿ ಹಿಡಿಯುವುದಿಲ್ಲ ಎಂಬ ಮಾತು ತಾನಾಗಿ ಮಾಯವಾಯಿತು.

ಕೊಳೆರೋಗಕ್ಕೆ ನಮ್ಮ ಹಿರಿಯರು ಮಾಡುತ್ತಿದ್ದುದಾದರೂ ಬೋರ್ಡೋ ಸಿಂಪಡಣೆಯಲ್ಲ, ಕೊಟ್ಟೆ ಕಟ್ಟುವುದು. ಮಳೆ ಹಿಡಿಯುವ ಮುನ್ನ ಅಡಿಕೆ ಹಾಳೆ ಅಥವಾ ಕರಡದ ಹೊದಿಕೆಯನ್ನು ಪ್ರತಿ ಕೊನೆಗೂ ಕಟ್ಟಿ ನೀರು ಇಳಿಯದಂತೆ ಮಾಡುತ್ತಿದ್ದರು. ಫೈಟಾಫ್ತೊರ ಎಂಬ ರೋಗಕಾರಕ ತೇವದಲ್ಲೇ ಬೆಳೆದು ನೀರಿನಲ್ಲೇ ಹರಡುವಂಥದ್ದು ಎಂಬುದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ನೀರು ತಗುಲಿದ ಕೊನೆ ಕೊಳೆಯುತ್ತದೆ ಎಂಬುದು ಗೊತ್ತಿತ್ತು, ಮತ್ತು ಅಷ್ಟರಮಟ್ಟಿಗೆ ಅವರ ರೂಢಿ ಸರಿಯಾದ ನೆಲೆಯ ಮೇಲೆಯೇ ನಿಂತಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್‌ಮನ್, ಅವರೂ ಕೆನಡಾದವರೇ, 1910ರಲ್ಲಿ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಆ ದ್ರಾವಣದ ಹುಟ್ಟೂ ಗಮನಿಸತಕ್ಕದ್ದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಎರಚುವ ರೂಢಿಯಿತ್ತು. ಎರಚಿದ ಬಳ್ಳಿಗಳಿಗೆ ಬೂಜುರೋಗ ತಗುಲದಿರುವುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಕಂಡು, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಕಳ್ಳತನ ತಡೆಯುವ ರೂಢಿ ಮೊದಲೇ ಇತ್ತು. ಅದು ಇನ್ನೇನನ್ನೋ ತಡೆಯುತ್ತಿದೆ ಎಂಬುದನ್ನು ಕಾಣಲು ನಿಂತು ನೋಡುವ ಒಬ್ಬ ಮನುಷ್ಯ ಬೇಕಾಯಿತು.

ಈ ಹಿನ್ನೆಲೆಯಿಟ್ಟುಕೊಂಡು ತಂಡದ ಕೆಲಸಕ್ಕೆ ಬರುತ್ತೇನೆ. ಪಂಪು, ಪೈಪು, ದೋಟಿ, ಪೆಟ್ರೋಲು ಅವರದು. ಮೈಲುತುತ್ತ, ಸುಣ್ಣ, ರಾಳ, ಡ್ರಮ್ಮು, ಊಟ ನಮ್ಮದು. ಹಣ ಡ್ರಮ್ಮಿನ ಲೆಕ್ಕದಲ್ಲಿ. ದರ ಊರಿಂದೂರಿಗೆ ಬದಲಾಗುವುದರಿಂದ ಅಂಕಿ ಬರೆಯುವುದರಲ್ಲಿ ಪ್ರಯೋಜನವಿಲ್ಲ. ಡ್ರಮ್ಮಿನ ಲೆಕ್ಕದಲ್ಲಿರುವ ತೊಡಕನ್ನು ಮಾತ್ರ ಹೇಳಬೇಕು. ಡ್ರಮ್ಮು ಬೇಗ ಖಾಲಿಯಾದಷ್ಟೂ ಹೊಡೆಯುವವರಿಗೆ ಲಾಭ, ಒಂದು ಡ್ರಮ್ಮು ಹೆಚ್ಚು ಮರಗಳಿಗೆ ಬಂದಷ್ಟೂ ತೋಟದವರಿಗೆ ಲಾಭ. ಎರಡರಲ್ಲಿ ಯಾವುದು ಅತಿಯಾದರೂ ಕೊನೆಗಳಿಗೆ ಔಷಧಿ ಸಾಲದು. ನಮ್ಮ ತಂಡದ ಹಿರಿಯ ಹುಡುಗ ಮೊದಲ ಸಾಲಿನ ಮರಗಳನ್ನು ನಿಧಾನವಾಗಿ ಹೊಡೆದು, “ಅಕ್ಕಾ, ನಿಮ್ಮ ತೋಟದ ಮರಕ್ಕೆ ಇಷ್ಟು ಬೇಕು, ಇದನ್ನೇ ಲೆಕ್ಕ ಇಟ್ಕೊಳ್ಳಿ” ಎಂದು ತೋರಿಸಿ ಮುಂದುವರಿದ. ಈ ಒಂದು ನಡತೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಔಷಧಿ ಬೆರೆಸುವ ಹಂತವನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ದೋಟಿ ಎಷ್ಟೇ ಉದ್ದವಿದ್ದರೂ ಡ್ರಮ್ಮಿನಲ್ಲಿ ತಪ್ಪಿದ್ದನ್ನು ಅದು ಸರಿಪಡಿಸಲಾರದು. ಶೇಕಡ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕಿಲೋ. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಈ ಒಂದಕ್ಕೊಂದು ಎಂಬ ಸೂತ್ರ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಆದರೆ ಆ ಸೂತ್ರ ನಿಂತಿರುವುದು ಸುಣ್ಣ ಹೊಸದಾಗಿದೆ, ಗಟ್ಟಿಯಾಗಿದೆ ಎಂಬ ಊಹೆಯ ಮೇಲೆ. ಗಾಳಿಗೆ ತೆರೆದಿಟ್ಟು ಹಳತಾದ ಸುಣ್ಣ ಬಲ ಕಳೆದುಕೊಂಡಿರುತ್ತದೆ. ಅದನ್ನು ತೂಕಕ್ಕೆ ತೂಕ ಹಾಕಿದರೆ ಮೈಲುತುತ್ತದಲ್ಲಿರುವ ತಾಮ್ರ ಪೂರ್ತಿ ಕಟ್ಟಿಕೊಳ್ಳದೆ ಉಳಿದು ಎಳೆ ಕಾಯಿ, ಸಿಂಗಾರಗಳನ್ನು ಸುಡುತ್ತದೆ.

ತಂಡದ ಹುಡುಗ ಸೂತ್ರವನ್ನು ನಂಬಿ ಕೂರಲಿಲ್ಲ. ಡ್ರಮ್ಮು ಕದಡಿಯಾದ ಮೇಲೆ ಸೊಂಟದ ಕತ್ತಿಯನ್ನು ತೆಗೆದು ಕಲ್ಲಿಗೆ ಉಜ್ಜಿ, ಹೊಳೆಯುವ ಅಲಗನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದ. ಮೇಲೆತ್ತಿದಾಗ ಅಲಗಿನ ಅಂಚಿನಲ್ಲಿ ತೆಳುವಾದ ಕೆಂಪು ಲೇಪ ಕಾಣಿಸಿತು. ಕಟ್ಟಿಕೊಳ್ಳದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂತದ್ದು ಅದು. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಕದಡಿ, ಅಲಗನ್ನು ಉಜ್ಜಿ ಮತ್ತೆ ಅದ್ದಿ, ಕಬ್ಬಿಣ ಕಬ್ಬಿಣವಾಗಿಯೇ ಹೊರಬಂದ ಮೇಲೆ ಪಂಪು ಚಾಲೂ ಮಾಡಿದ. ಔಷಧಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಬೆರೆಸಬಾರದು ಎಂಬ ಹಳೆಯ ಮಾತಿನ ಕಾರಣವೂ ಇದೇ ಕತ್ತಿಯ ಅಲಗಿನಲ್ಲಿದೆ. ಬೆರೆಸಿದ ದಿನವೇ ಮುಗಿಸಬೇಕು ಎಂಬ ಮಾತೂ ನಿಜವೇ. ಹೊತ್ತು ಕಳೆದಂತೆ ದ್ರಾವಣದ ಕಣಗಳು ದಪ್ಪವಾಗಿ ಕಾಯಿಗೆ ಅಂಟುವ ಗುಣ ಕುಂದುತ್ತದೆ. ಬಣ್ಣ ಗಾಢವಾದಷ್ಟೂ ಬಲ ಹೆಚ್ಚು ಎಂಬ ಇನ್ನೊಂದು ಮಾತಿಗೆ ಮಾತ್ರ ಆಧಾರವಿಲ್ಲ. ಮೂರೂ ಒಂದೇ ಬಾಯಿಂದ, ಒಂದೇ ಧ್ವನಿಯಲ್ಲಿ ಬರುವ ಮಾತುಗಳು. ಕೇಳಿದ ಮಾತ್ರಕ್ಕೆ ಇವುಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತಿಳಿಯುವಂತಿಲ್ಲ.

ಇನ್ನು ದೋಟಿಯಿಂದ ಹೊಡೆದದ್ದು ಕೊನೆಗೆ ಹಿಡಿಯುತ್ತದೆಯೇ ಎಂಬ ಮುಖ್ಯ ಪ್ರಶ್ನೆ. ನಮ್ಮ ತೋಟಕ್ಕೆ ಬಹುಕಾಲ ಬರುತ್ತಿದ್ದು ಈಗ ಮಂಡಿನೋವಿನಿಂದ ಮರ ಬಿಟ್ಟಿರುವ ಹಿರಿಯ ಕೊನೆಗಾರರೊಬ್ಬರು ಆ ದಿನ ನೋಡಲು ಬಂದಿದ್ದರು. ದೋಟಿ ಮೇಲೇರುತ್ತಿದ್ದಂತೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮಾ, ಆ ಕೋಲಿಗೆ ಕಣ್ಣಿದ್ಯಾ?” ಮರದ ತಲೆಯಲ್ಲಿ ಕೂತವನಿಗೆ ಪಕ್ಕದ ಮರದ ಕೊನೆ ಕಣ್ಣಿನ ಮಟ್ಟದಲ್ಲಿರುತ್ತದೆ, ಕೊನೆಯ ಬೆನ್ನಿಗೆ, ಮರಕ್ಕೂ ಕೊನೆಗೂ ನಡುವಿನ ಸಂದಿಗೆ, ಒತ್ತೊತ್ತಾಗಿ ಕೂತ ಕಾಯಿಗಳ ತೊಟ್ಟಿನ ಬುಡಕ್ಕೆ ಔಷಧಿ ಹೋಯಿತೇ ಎಂದು ಅವನು ನೋಡುತ್ತ ಹೊಡೆಯುತ್ತಾನೆ. ಕೊಳೆ ಶುರುವಾಗುವುದು ಹೆಚ್ಚಾಗಿ ತೊಟ್ಟಿನ ಬಳಿಯೇ ಆದ್ದರಿಂದ ಇದು ಸಣ್ಣ ಸಂಗತಿಯಲ್ಲ. ಕೆಳಗೆ ನಿಂತವನಿಗೆ ಕಾಣುವುದು ಕೊನೆಯ ಹೊಟ್ಟೆ ಮಾತ್ರ.

ಸಿಂಪಡಣೆಯ ನಂತರದ ದಿನಗಳಲ್ಲಿ ನಾನು ಮಾಡಿದ್ದು ಉದುರಿದ ಕಾಯಿಗಳನ್ನು ಆರಿಸಿ ನೋಡುವ ಕೆಲಸ. ಔಷಧಿ ಸರಿಯಾಗಿ ತಗುಲಿದ ಕಾಯಿಯ ಮೇಲೆ ಒಣಗಿದ ಮೇಲೆ ತಿಳಿನೀಲಿ ಪದರ ನಿಲ್ಲುತ್ತದೆ, ಬೆರಳಿನಿಂದ ಉಜ್ಜಿದರೆ ಸುಣ್ಣದ ಹುಡಿಯಂತೆ ಬರುತ್ತದೆ. ಸಹಜವಾಗಿ ಉದುರಿದ ಕಾಯಿಗಳಲ್ಲಿ ಬಹುಪಾಲಿನ ಕೆಳಭಾಗ ಮತ್ತು ಪಕ್ಕಗಳಲ್ಲಿ ಆ ಪದರ ಚೆನ್ನಾಗಿತ್ತು. ತೊಟ್ಟಿನ ಸುತ್ತ ಕೆಲವಲ್ಲಿ ತೆಳುವಾಗಿತ್ತು, ಕೆಲವಲ್ಲಿ ಹಸಿರು ಮೈ ಹಾಗೇ ಉಳಿದಿತ್ತು. ಇಂಥವು ಹೆಚ್ಚಾಗಿ ಸಿಕ್ಕದ್ದು ಅಗಳದ ಅಂಚಿನ ಅತಿ ಎತ್ತರದ ಮರಗಳ ಬುಡದಲ್ಲಿ ಮತ್ತು ಹುಡುಗರು ಒಂದೇ ಕಡೆ ನಿಂತು ಹೊಡೆದ ಇಳಿಜಾರಿನ ಸಾಲಿನಲ್ಲಿ. ಮರದ ಎರಡು ಕಡೆಯಿಂದ ಹೊಡೆದ ಸಮತಟ್ಟಿನ ಸಾಲುಗಳಲ್ಲಿ ತೊಟ್ಟಿನವರೆಗೂ ನೀಲಿ ಇತ್ತು. ಮುಂದೆ ಮಳೆ ಜೋರಾದಾಗ ಬಿಳಿ ಬೂಜು ಹತ್ತಿದ ಕೊಳೆ ಕಾಯಿಗಳು ಮೊದಲು ಬಿದ್ದದ್ದೂ ಆ ಇಳಿಜಾರಿನಲ್ಲೇ. ಒಟ್ಟಾರೆ ತೋಟದಲ್ಲಿ ಕೊಳೆ ಹತೋಟಿಯಲ್ಲಿತ್ತು, ಬೆಳೆ ಉಳಿಯಿತು.

ಹಾಗಾದರೆ ಹಳೆಯ ಮಾತು ಸುಳ್ಳಾಯಿತೇ ಎಂದರೆ, ಇಲ್ಲ. ಕೊನೆಯ ಎಲ್ಲ ಮಗ್ಗುಲಿಗೂ ಔಷಧಿ ತಲುಪಬೇಕು ಎಂಬುದು ಅದರ ಒಳಗಿನ ಸತ್ಯ. ಅದಕ್ಕೆ ಮರ ಹತ್ತುವುದೊಂದೇ ದಾರಿ ಎಂಬುದು ಬೇರೆ ಉಪಕರಣವಿಲ್ಲದ ಕಾಲದಲ್ಲಿ ಆ ಸತ್ಯಕ್ಕೆ ಅಂಟಿಕೊಂಡ ಮಾತು. ಎರಡನ್ನೂ ಬಿಡಿಸಿ ನೋಡಿದವರು ದೋಟಿಯವರಿಗೆ ಪ್ರತಿ ಮರಕ್ಕೂ ಎರಡು ಕಡೆಯಿಂದ ಹೊಡೆಯಿರಿ, ನಾಜಲ್‌ನ ಕೋನ ಬದಲಿಸಿ ಎಂದು ಹೇಳುತ್ತಾರೆ. ಬಿಡಿಸದವರು ದೋಟಿಯೇ ಬೇಡ ಎನ್ನುತ್ತಾರೆ, ಇಲ್ಲವೇ ದೋಟಿ ಬಂದಿತಲ್ಲ ಎಂದು ಜಗಲಿಯಲ್ಲೇ ಕೂರುತ್ತಾರೆ. ಎರಡನೇ ಸುತ್ತಿನಲ್ಲಿ ನಾವು ಹಿರಿಯ ಕೊನೆಗಾರರನ್ನೇ ಕೂಲಿ ಕೊಟ್ಟು ಕರೆದು ಹುಡುಗರ ಜೊತೆ ತಿರುಗಲು ಕೇಳಿಕೊಂಡೆವು. ಯಾವ ಮರದ ಕೊನೆ ಯಾವ ಕಡೆಗೆ ತಿರುಗಿದೆ ಎಂದು ಅವರು ಕೆಳಗಿನಿಂದಲೇ ಹೇಳುತ್ತಿದ್ದರು, ಹುಡುಗರು ಅದರಂತೆ ಜಾಗ ಬದಲಿಸುತ್ತಿದ್ದರು. ಈ ಏರ್ಪಾಡನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ.

ದೋಟಿಯ ಬಗೆಗಿನ ಹೊಸ ಮಾತುಗಳಲ್ಲಿ ಒಂದಂತೂ ಜೀವಕ್ಕೇ ಅಪಾಯಕಾರಿ, ಅದನ್ನು ಬಿಡಿಸಿ ಹೇಳಲೇಬೇಕು. ಅಲ್ಯೂಮಿನಿಯಂ ದೋಟಿಗೆ ವಿದ್ಯುತ್ ಹರಿಯುತ್ತದೆ, ಫೈಬರ್ ದೋಟಿಗೆ ಹರಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ವ್ಯಾಪಕವಾಗಿದೆ. ಗಾಜಿನ ನಾರಿನಿಂದ ಮಾಡಿದ ಫೈಬರ್ ಗ್ಲಾಸ್ ವಿದ್ಯುತ್ತನ್ನು ಹಾಯಿಸುವುದಿಲ್ಲ, ಆದ್ದರಿಂದಲೇ ಲೈನ್‌ಮನ್‌ಗಳ ಏಣಿ, ಕೋಲುಗಳಿಗೆ ಅದನ್ನು ಬಳಸುತ್ತಾರೆ. ಕಾರ್ಬನ್ ನಾರು ಹಾಗಲ್ಲ. ಅದು ವಿದ್ಯುತ್ತನ್ನು ಹಾಯಿಸುತ್ತದೆ. ಒಂದು ವಸ್ತುವಿನ ಗುಣವನ್ನು ಹೆಸರಿನ ಹೋಲಿಕೆಯಿಂದ ಇನ್ನೊಂದಕ್ಕೆ ಹಚ್ಚಿದ ಈ ತಿಳಿವಳಿಕೆ ಹತ್ತು ಜನರ ಬಾಯಲ್ಲಿ ಬಂದ ಮಾತ್ರಕ್ಕೆ ಅನುಭವದ ಮಾತಿನಂತೆ ಕೇಳಿಸುತ್ತದೆ, ಆದರೆ ಅದರ ಹಿಂದೆ ಯಾರ ಅನುಭವವೂ ಇಲ್ಲ. ಮಳೆಯಲ್ಲಿ ನೆನೆದ ದೋಟಿ, ಒಳಗೆ ದ್ರಾವಣ ತುಂಬಿದ ಪೈಪು, ಕೆಸರಿನಲ್ಲಿ ನಿಂತ ಮನುಷ್ಯ, ತೋಟದ ಮೇಲೆ ಹಾದುಹೋದ ತಂತಿ, ಇಷ್ಟೂ ಒಂದೆಡೆ ಸೇರುವ ಕೆಲಸ ಇದು.

ನಮ್ಮ ತಂಡದ ಕಿರಿಯ ಹುಡುಗನೊಬ್ಬ ಇದೇ ನಂಬಿಕೆಯಲ್ಲಿ ತಂತಿಯ ಹತ್ತಿರದ ಸಾಲಿಗೆ ದೋಟಿ ಎತ್ತಲು ಹೊರಟಿದ್ದ. ಹಿರಿಯವನು ತಡೆದು, ಆ ಸಾಲನ್ನು ಬಿಟ್ಟು ಮುಂದೆ ಹೋದರು. ತಂತಿಯ ಕೆಳಗಿನ ಮತ್ತು ಪಕ್ಕದ ಮರಗಳಿಗೆ ದೋಟಿ ಎತ್ತುವಂತೆ ತೋಟದವರು ಎಂದೂ ಒತ್ತಾಯಿಸಬಾರದು. ಅಷ್ಟು ಮರಗಳ ಬೆಳೆ ಹೋದರೆ ಹೋಗಲಿ, ಇಲ್ಲವೇ ಮೊದಲೇ ವಿದ್ಯುತ್ ಇಲಾಖೆಯವರಲ್ಲಿ ಕೇಳಿ ಲೈನ್ ಆಫ್ ಮಾಡಿಸಿದ ಮೇಲೆ ಹೊಡೆಸಬೇಕು. ತಂಡದವರೆಲ್ಲರಿಗೂ ಈ ತಿಳಿವಳಿಕೆ ಒಂದೇ ಮಟ್ಟದಲ್ಲಿ ಇಲ್ಲದಿರುವುದು ನಾನು ಕಂಡ ದೊಡ್ಡ ಕೊರತೆ. ಅವರ ಬಳಿ ಕಣ್ಣಿಗೆ ಕನ್ನಡಕವೂ ಇರಲಿಲ್ಲ. ಕತ್ತೆತ್ತಿ ನಿಂತವರ ಮುಖದ ಮೇಲೆ ದ್ರಾವಣ ಸುರಿಯುತ್ತಲೇ ಇರುತ್ತದೆ, ಸಂಜೆಗೆ ಅವರ ಕಣ್ಣು ಕೆಂಪಾಗಿತ್ತು. ಮರದಿಂದ ಬೀಳುವ ಭಯ ಹೋಯಿತೆಂಬುದು ನಿಜ, ಅದು ದೋಟಿಯ ಅತಿ ದೊಡ್ಡ ಉಪಕಾರ. ಕುತ್ತಿಗೆ, ಭುಜ, ಕಣ್ಣುಗಳ ಕಷ್ಟ ಮಾತ್ರ ಹೊಸದಾಗಿ ಬಂದಿದೆ.

ಔಷಧಿಯ ಹೊತ್ತಿನ ವಿಷಯದಲ್ಲೂ ಸೇವೆಗೆ ಪೂರ್ಣ ಅಂಕ ಕೊಡಲಾರೆ. ಮೃಗಶಿರಾ ಮಳೆ ಹಿಡಿಯುವ ಮುನ್ನ ಮೊದಲ ಸುತ್ತು, ಅಲ್ಲಿಂದ 40–45 ದಿನಕ್ಕೆ, ಅಂದರೆ ಪುಷ್ಯ ಮಳೆಯ ಹೊತ್ತಿಗೆ ಎರಡನೇ ಸುತ್ತು ಎಂಬುದು ನಮ್ಮ ಕಡೆಯ ರೂಢಿ, ಸಂಶೋಧನಾ ಕೇಂದ್ರಗಳ ಶಿಫಾರಸೂ ಹೆಚ್ಚುಕಡಿಮೆ ಅದೇ. ತಂಡಕ್ಕೆ ಒಪ್ಪಿಕೊಂಡ ತೋಟಗಳು ಹೆಚ್ಚಾಗಿ, ಎರಡನೇ ಸುತ್ತಿಗೆ ಮಳೆ ಹೊಳವಾದ ದಿನಗಳಲ್ಲಿ ಅವರು ಬೇರೆಡೆ ಇದ್ದರು, ನಮ್ಮಲ್ಲಿಗೆ ಬರುವಾಗ ತಡವಾಗಿತ್ತು. ಮಳೆಯ ನಕ್ಷತ್ರಗಳ ಲೆಕ್ಕ ಮಳೆ ತನ್ನ ಹೊತ್ತಿಗೆ ಬರುತ್ತಿದ್ದ ಕಾಲದ್ದು. ಈಗ ಜೂನ್ ಒಣಗಿ ಜುಲೈ, ಆಗಸ್ಟಿನಲ್ಲಿ ಒಮ್ಮೆಗೇ ಸುರಿಯುವ ವರ್ಷಗಳೂ ಇರುವುದರಿಂದ, ಪಂಚಾಂಗದ ಜೊತೆಗೆ ಮುನ್ಸೂಚನೆಯನ್ನೂ ನೋಡಿ ದಿನ ಗೊತ್ತುಮಾಡುವ ತಂಡವೇ ಬೇಕು.

ಊರಿನ ಮಾತು ಊರಿಗೆ ಮಾತ್ರ ಸರಿಯಾಗಿರಬಹುದು ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ತೀರ್ಥಹಳ್ಳಿ, ಮಂಡಗದ್ದೆ ದಾಟಿ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಅದು ಹಲವು ಪಟ್ಟು ಇಳಿದಿರುತ್ತದೆ. ಭದ್ರಾವತಿ, ಚನ್ನಗಿರಿಯ ನೀರಾವರಿ ತೋಟಗಳಲ್ಲಿ ಕೊಳೆ ನಮ್ಮಲ್ಲಿಯಷ್ಟು ಕಾಡುವುದಿಲ್ಲ. ಆ ಕಡೆಯ ನೆಂಟರು ಒಂದು ಸುತ್ತಾದರೂ ಏಕೆ ಎಂದು ಕೇಳುತ್ತಾರೆ, ಆಗುಂಬೆ ಕಡೆಯವರು ಮೂರನೆಯದನ್ನೂ ಬಿಡುವುದಿಲ್ಲ. ಇಬ್ಬರ ಮಾತೂ ಅವರವರ ತೋಟದಲ್ಲಿ ಸರಿ. ಮದುವೆಮನೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ತಮ್ಮ ಮಾತನ್ನು ಎಲ್ಲರಿಗೂ ಹೇಳಿದಾಗ ತೊಂದರೆ ಶುರುವಾಗುತ್ತದೆ.

ಇನ್ನೊಂದು ಬಗೆಯ ಬಳಕೆಯ ಬಗ್ಗೆಯೂ ಎಚ್ಚರ ಬೇಕು. ಮೇಳವೊಂದರಲ್ಲಿ ದೋಟಿ ಮಾರುತ್ತಿದ್ದವರು ರೈತರು ಕೇಳಿದ ಪ್ರತಿ ಪ್ರಶ್ನೆಗೂ, ಅದು ಹಳೇ ಕಾಲದ ನಂಬಿಕೆ, ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ ಎಂದು ಉತ್ತರಿಸುತ್ತಿದ್ದುದನ್ನು ಕೇಳಿದ್ದೇನೆ. ತಂತಿಯ ಬಗ್ಗೆ ಕೇಳಿದವರಿಗೂ ಅದೇ ಉತ್ತರ ಸಿಕ್ಕಿತು. ಎಲ್ಲರೂ ನಂಬಿದ್ದು ತಪ್ಪು ಎಂದು ತೋರಿಸಿಕೊಟ್ಟವರ ಕಥೆಗಳು ನಮಗೆಲ್ಲ ಪ್ರಿಯ. ಹೊಟ್ಟೆಹುಣ್ಣಿಗೆ ಖಾರ ಮತ್ತು ಚಿಂತೆ ಕಾರಣ ಎಂದು ವೈದ್ಯಲೋಕವೇ ನಂಬಿದ್ದಾಗ, ಬಹುತೇಕ ಹುಣ್ಣುಗಳ ಹಿಂದೆ ಬ್ಯಾಕ್ಟೀರಿಯಾ ಇದೆಯೆಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆದರೆ ಅವರು ಗೆದ್ದದ್ದು ರೂಢಿಯನ್ನು ವಿರೋಧಿಸಿದ್ದಕ್ಕಲ್ಲ. ಸೂಕ್ಷ್ಮದರ್ಶಕದಡಿ ಕಂಡದ್ದನ್ನು ಇತರರೂ ಕಾಣುವಂತೆ ಮಾಡಿದ್ದಕ್ಕೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಕೂರುವವರೂ, ಹಳೆಯ ಮಾತೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವವರೂ ಮಾಡದೆ ಬಿಡುವುದು ಒಂದೇ ಕೆಲಸ, ನೆಲಕ್ಕೆ ಬಗ್ಗಿ ಉದುರಿದ ಕಾಯನ್ನು ತಿರುಗಿಸಿ ನೋಡುವುದು.

ಬೋರ್ಡೋ ದ್ರಾವಣವೇ ಈಗ ಅಂಥ ಪ್ರಶ್ನಾತೀತ ವಸ್ತುವಾಗಿದೆ ಎಂಬುದನ್ನೂ ಹೇಳಬೇಕು. ಇದು ರಾಸಾಯನಿಕವಲ್ಲ, ಎಷ್ಟು ಹೊಡೆದರೂ ಮಣ್ಣಿಗೆ ತೊಂದರೆಯಿಲ್ಲ ಎಂಬ ಮಾತು ಕೇಳದ ತೋಟವಿಲ್ಲ. ಮೈಲುತುತ್ತದಲ್ಲಿ ಸುಮಾರು ಕಾಲುಭಾಗ ತಾಮ್ರವಿರುವುದರಿಂದ ಒಂದು ಡ್ರಮ್ಮಿನ ಜೊತೆ ಅರ್ಧ ಕಿಲೋ ತಾಮ್ರ ತೋಟಕ್ಕೆ ಇಳಿಯುತ್ತದೆ. ಅದು ಕರಗಿ ಹೋಗುವಂಥದ್ದಲ್ಲ, ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಯುರೋಪಿನ ಒಕ್ಕೂಟ ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕಿಲೋ ತಾಮ್ರದ ಮಿತಿಯನ್ನು ಹಾಕಿರುವುದು ಇದೇ ಕಾರಣಕ್ಕೆ. ಕೊಳೆಗೆ ಇದಕ್ಕಿಂತ ಅಗ್ಗದ, ನಂಬಿಕೆಯ ಉಪಾಯ ನನಗೆ ಕಾಣದಿರುವುದರಿಂದ ಮುಂದೆಯೂ ಇದನ್ನೇ ಹೊಡೆಸುತ್ತೇನೆ. ಆದರೆ ತಂಡದವರು ಡ್ರಮ್ಮು ಮತ್ತು ಪೈಪನ್ನು ಹಳ್ಳದಲ್ಲಿ ತೊಳೆಯಲು ಹೊರಟಾಗ ಬೇಡವೆಂದು ತಡೆದೆ. ತಾಮ್ರ ಮೀನಿಗೂ ನೀರಿನ ಇತರ ಜೀವಿಗಳಿಗೂ ವಿಷ. ತೋಟದ ಮೂಲೆಯಲ್ಲಿ ಒಂದು ಗುಂಡಿ ತೆಗೆದಿಟ್ಟರೆ ಅಲ್ಲೇ ತೊಳೆಯುತ್ತಾರೆ, ಹೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ.

ಇದೇ ತಂಡ ಕೊಯ್ಲನ್ನೂ ಮಾಡಿಕೊಡುತ್ತದೆ. ದೋಟಿಯ ತುದಿಗೆ ಕತ್ತಿ ಸಿಕ್ಕಿಸಿ ಕೊನೆ ಕಡಿದು, ಕೆಳಗೆ ಬಲೆ ಹಿಡಿದು ಬೀಳಿಸಿಕೊಳ್ಳುತ್ತಾರೆ. ಕಾಯಿ ಉದುರುವುದು ಸ್ವಲ್ಪ ಹೆಚ್ಚು, ಅದು ಸಹಿಸತಕ್ಕದ್ದು. ಕೊನೆಯ ಬಲಿತವನ್ನು ಮೇಲೆಯೇ ನೋಡಿ ಬಿಡಬೇಕೋ ಕಡಿಯಬೇಕೋ ಎಂದು ತೀರ್ಮಾನಿಸುವ ಕೆಲಸ ಮಾತ್ರ ಇದರಲ್ಲಿ ಆಗುವುದಿಲ್ಲ. ಎಳೆಯದನ್ನು ಸರಕಿಗೆ, ಬಲಿಯುತ್ತಿರುವುದನ್ನು ಬೆಟ್ಟೆಗೆ, ರಾಶಿಗೆ ಎಂದು ಮಾರುಕಟ್ಟೆಯ ಬಗೆಗಳಾಗಿ ವಿಂಗಡಿಸಿ ಶಿವಮೊಗ್ಗದ ಮಂಡಿಗೆ ಬಿಡುವವರು ಸರಕಿನ ಕೊಯ್ಲಿಗೆ ಈಗಲೂ ಒಳ್ಳೆಯ ಕೊನೆಗಾರರನ್ನೇ ಹುಡುಕಬೇಕು. ರಾಶಿ ಮಾತ್ರ ಮಾಡುವವರಿಗೆ ದೋಟಿ ಸಾಕು.

ಒಟ್ಟಿನಲ್ಲಿ ಈ ತಂಡದ ಸಿಂಪಡಣೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಔಷಧಿ ಬೆರೆಸುವ ಶ್ರದ್ಧೆ, ಡ್ರಮ್ಮಿನ ಪ್ರಾಮಾಣಿಕ ಲೆಕ್ಕ, ಹೇಳಿದ್ದನ್ನು ಕೇಳುವ ಗುಣ ಇವು ಅವರ ಬಲ. ಎರಡನೇ ಸುತ್ತಿನ ತಡ, ರಕ್ಷಣಾ ಸಾಮಗ್ರಿಯ ಕೊರತೆ, ತಂತಿಯ ಬಗ್ಗೆ ಕಿರಿಯರಿಗಿರುವ ತಪ್ಪು ತಿಳಿವಳಿಕೆ ಅವರು ತಿದ್ದಿಕೊಳ್ಳಬೇಕಾದವು. ಸಮತಟ್ಟಾದ, ಮರಗಳು ತೀರಾ ಎತ್ತರ ಹೋಗದ ತೋಟದವರು ಧೈರ್ಯವಾಗಿ ಕರೆಯಬಹುದು. ಕಡಿದಾದ ಇಳಿಜಾರಿನ ಹಳೆಯ ತೋಟಗಳಲ್ಲಿ ಕೆಲವು ಸಾಲುಗಳಿಗಾದರೂ ಮರ ಹತ್ತುವವರು ಸಿಕ್ಕರೆ ಬಿಡಬೇಡಿ, ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ವಿಮೆ ಮಾಡಿಸಿಕೊಡಿ. ದೋಟಿ ತಂಡವನ್ನು ಮೇ ತಿಂಗಳೊಳಗೆ ಮಾತಾಡಿ, ಎರಡೂ ಸುತ್ತಿನ ವಾರವನ್ನು ಆಗಲೇ ಗೊತ್ತುಮಾಡಿಕೊಳ್ಳಿ. ಮುಂಗಡದ ಒಂದು ಭಾಗವನ್ನು ಎರಡನೇ ಸುತ್ತಿಗೆ ಉಳಿಸಿಕೊಳ್ಳಿ. ನಮ್ಮ ತಂಡದವರು ಮುಂದಿನ ವರ್ಷಕ್ಕೆ ಈ ಕರಾರಿಗೆ ಒಪ್ಪಿದ್ದಾರೆ, ಕನ್ನಡಕಗಳನ್ನು ನಾವು ತಂದಿಡುವುದೆಂದು ಮಾತಾಗಿದೆ.